ಬಸ್ಸು ಹಸಿರಾಗುವ ಲೆಕ್ಕ: ಬಳ್ಳಾರಿ, ರಾಯಚೂರು, ಕೊಪ್ಪಳದವರು ಪದೇ ಪದೇ ಕೇಳುವ ಪ್ರಶ್ನೆಗಳು

ಸಾರಿಗೆ ನೌಕರಿಯಿಂದ ನಿವೃತ್ತನಾಗಿ ಸಿಂಧನೂರಿನಲ್ಲಿ ನೆಲೆಸಿದ ಮೇಲೆ ಬಸ್ ನಿಲ್ದಾಣದ ಮುಂದಿನ ಚಹಾದಂಗಡಿಯೇ ನನ್ನ ಕಚೇರಿ. ಅಲ್ಲಿ ಕೂತರೆ ಸಾಕು, ಒಬ್ಬರಲ್ಲ ಒಬ್ಬರು ಬಂದು, "ಏನ್ರೀ ಸಾಹೇಬ್ರ, ನಮ್ಮ ಕಡೀಗೂ ಕರೆಂಟ್ ಬಸ್ ಬರ್ತಾವಂತಲ್ಲ, ಖರೇನ?" ಎಂದು ಕೇಳುತ್ತಾರೆ. ಗ್ರಾಮ ಪಂಚಾಯಿತಿ ಸದಸ್ಯರು, ಕಾಲೇಜು ಹುಡುಗರು, ಒಂದಿಬ್ಬರು ಮೇಷ್ಟ್ರು, ಹೊಸದಾಗಿ ಕೆಲಸಕ್ಕೆ ಸೇರಿದ ಡ್ರೈವರ್‌ಗಳು ಕೇಳಿದ್ದನ್ನೆಲ್ಲ ಒಂದೆಡೆ ಬರೆದಿಟ್ಟಿದ್ದೇನೆ.

ಸುಸ್ಥಿರ ಸಾರಿಗೆ ಯೋಜನೆ ಎಂದರೆ ಏನು? ಸರಳವಾಗಿ ಹೇಳಿ.

ನಮ್ಮ ಕಡೆ ಒಂದು ಮಾತಿದೆ: "ಬಾಳಿಕಿ ಬರಬೇಕು". ಅಷ್ಟೇ. ಇವತ್ತು ಓಡುವ ಬಸ್ಸು ಹತ್ತು ವರ್ಷ ಬಿಟ್ಟು ಕೂಡ ಓಡಬೇಕು. ಅದಕ್ಕೆ ಡೀಸೆಲ್ಲೋ ಕರೆಂಟೋ ದುಡ್ಡೋ ಸಿಗುತ್ತಿರಬೇಕು. ಊರಿನ ಗಾಳಿ ಕೆಡಬಾರದು. ಕಟ್ಟಕಡೆಯ ತಾಂಡಾದ ಮುದುಕಿಗೂ ಆಸ್ಪತ್ರೆಗೆ ಹೋಗಲು ಗಾಡಿ ಇರಬೇಕು. ಕಚೇರಿ ಭಾಷೆಯಲ್ಲಿ ಇದಕ್ಕೆ ಪರಿಸರ, ಆರ್ಥಿಕತೆ, ಸಮಾಜ ಎಂದು ಮೂರು ಕಾಲು ಹೇಳುತ್ತಾರೆ. 1987ರಲ್ಲಿ ವಿಶ್ವಸಂಸ್ಥೆಯ ಬ್ರಂಟ್‌ಲ್ಯಾಂಡ್ ಆಯೋಗ ಹೇಳಿದ್ದೂ ಇದನ್ನೇ: ಇಂದಿನವರ ಅಗತ್ಯ ಪೂರೈಸುವ ಭರದಲ್ಲಿ ಮುಂದಿನವರ ಅಗತ್ಯಕ್ಕೆ ಕೊರತೆ ತರಬಾರದು.

ಯೋಜನೆ ಎಂಬುದು ಅದರ ಮುಂದಿನ ಹೆಜ್ಜೆ. ಈಗ ಎಷ್ಟು ಡೀಸೆಲ್ ಸುಡುತ್ತಿದ್ದೇವೆ, ಎಷ್ಟು ಜನರನ್ನು ಒಯ್ಯುತ್ತಿದ್ದೇವೆ, ಎಷ್ಟು ನೀರು ಬಳಸುತ್ತಿದ್ದೇವೆ ಎಂದು ಮೊದಲು ಲೆಕ್ಕ ಬರೆಯಬೇಕು. ಯಾವ ವರ್ಷಕ್ಕೆ ಎಷ್ಟು ಇಳಿಸುತ್ತೇವೆ, ಯಾರು ಜವಾಬ್ದಾರರು ಎಂದು ಆಮೇಲೆ ಬರೆಯಬೇಕು. ಮೊದಲನೆಯದಿಲ್ಲದೆ ಎರಡನೆಯದನ್ನು ಬರೆದರೆ ಅದು ಗೋಡೆಗೆ ಅಂಟಿಸುವ ಘೋಷಣೆ.

ನಮ್ಮ ಭಾಗದಲ್ಲಿ ಈ ಕೆಲಸ ಯಾರದು?

ಒಬ್ಬರದಲ್ಲ, ಅದೇ ತೊಂದರೆ. ಬಸ್ಸು ಓಡಿಸುವುದು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ. 2000ದಲ್ಲಿ ಈಶಾನ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ ಎಂದು ಬೇರೆಯಾಗಿ, 2021ರಲ್ಲಿ ಈಗಿನ ಹೆಸರು ಪಡೆಯಿತು. ಕೇಂದ್ರ ಕಚೇರಿ ಕಲಬುರಗಿ. ನೋಂದಣಿ, ಪರ್ಮಿಟ್, ಹೊಗೆ ತಪಾಸಣೆ ಸಾರಿಗೆ ಇಲಾಖೆಯ ಕೈಯಲ್ಲಿ, ಅಂದರೆ ನಾವು ಆರ್‌ಟಿಒ ಅನ್ನುವವರು: ಬಳ್ಳಾರಿಗೆ ಕೆಎ 34, ರಾಯಚೂರಿಗೆ 36, ಕೊಪ್ಪಳಕ್ಕೆ 37. ರಸ್ತೆ ಲೋಕೋಪಯೋಗಿ ಇಲಾಖೆಯದು, ಹೆದ್ದಾರಿ ಕೇಂದ್ರದ್ದು, ಊರೊಳಗಿನ ಬೀದಿ ಪಾಲಿಕೆ ಅಥವಾ ನಗರಸಭೆಯದು. ನಗರ ಸಾರಿಗೆಯ ನೀತಿಗೆ ಬೆಂಗಳೂರಿನಲ್ಲಿ ನಗರ ಭೂ ಸಾರಿಗೆ ನಿರ್ದೇಶನಾಲಯ ಇದೆ, 2007ರಿಂದ. ಇನ್ನು ರೈಲಿನ ದಾರಿಯೇ ಬೇರೆ.

ಬಸ್ ನಿಲ್ದಾಣದ ಮುಂದೆ ನೆರಳು ಬೇಕು ಅಂದರೆ ನಿಲ್ದಾಣದ ಒಳಗಿನದು ಒಬ್ಬರದು, ಗೇಟಿನ ಹೊರಗಿನದು ಇನ್ನೊಬ್ಬರದು. ಪ್ರಯಾಣಿಕ ಮಾತ್ರ ಎರಡೂ ಕಡೆ ಒಬ್ಬನೇ.

ಎಲೆಕ್ಟ್ರಿಕ್ ಬಸ್ ತಂದರೆ ಎಲ್ಲ ಮುಗಿಯಿತಲ್ಲ?

ಎಲ್ಲರೂ ಕೇಳುವ ಪ್ರಶ್ನೆ ಇದೇ. ಸ್ವಲ್ಪ ಲೆಕ್ಕ ಮಾಡೋಣ, ಪೆನ್ನು ಹಿಡಿಯಿರಿ.

ಒಂದು ಲೀಟರ್ ಡೀಸೆಲ್ ಸುಟ್ಟರೆ ಸುಮಾರು 2.68 ಕೆಜಿ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ನಮ್ಮ ಹಳ್ಳಿ ರೂಟಿನ ಎಸಿ ಇಲ್ಲದ ಬಸ್ಸು ಲೀಟರಿಗೆ 5 ಕಿಲೋಮೀಟರ್ ಕೊಡುತ್ತದೆ ಅಂತಿಟ್ಟುಕೊಳ್ಳಿ. ಕಿಲೋಮೀಟರಿಗೆ 0.54 ಕೆಜಿ ಆಯಿತು. ಈಗ 12 ಮೀಟರಿನ ಎಲೆಕ್ಟ್ರಿಕ್ ಬಸ್ಸು. ಅದು ಕಿಲೋಮೀಟರಿಗೆ ಒಂದರಿಂದ ಒಂದೂಕಾಲು ಯೂನಿಟ್ ಕರೆಂಟ್ ತಿನ್ನುತ್ತದೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಲೆಕ್ಕದಲ್ಲಿ ದೇಶದ ವಿದ್ಯುತ್ ಜಾಲದ (ಗ್ರಿಡ್) ಒಂದು ಯೂನಿಟ್ ಕರೆಂಟ್ ತಯಾರಿಸಲು ಸರಾಸರಿ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. 1.2 ಯೂನಿಟ್ ಅಂದುಕೊಂಡರೆ 0.84 ಕೆಜಿ!

ಮೊದಲ ಸಲ ಈ ಲೆಕ್ಕ ಮಾಡಿದಾಗ ನನಗೇ ನಂಬಿಕೆ ಬರಲಿಲ್ಲ, ಎರಡು ಸಲ ಗುಣಿಸಿ ನೋಡಿದೆ. ಆದರೆ ಆಶ್ಚರ್ಯ ಪಡುವಂಥದ್ದೇನಿಲ್ಲ. ಕರೆಂಟ್ ಎಲ್ಲಿಂದ ಬರುತ್ತದೆ ಎಂದು ರಾಯಚೂರಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಶಕ್ತಿನಗರದ ಶಾಖೋತ್ಪನ್ನ ಕೇಂದ್ರ 1985ರಿಂದ ಕಲ್ಲಿದ್ದಲು ಸುಡುತ್ತಿದೆ, ಅದರ ಸಾಮರ್ಥ್ಯ 1720 ಮೆಗಾವಾಟ್. ಯರಮರಸ್‌ನಲ್ಲಿ 1600, ಬಳ್ಳಾರಿಯ ಕುಡತಿನಿಯಲ್ಲಿ 1700. ಬಸ್ಸಿನ ಸೈಲೆನ್ಸರ್‌ನ ಹೊಗೆ ಶಕ್ತಿನಗರದ ಚಿಮಣಿಗೆ ವರ್ಗವಾಯಿತು, ಅಷ್ಟೇ. ವರ್ಗಾವಣೆಯನ್ನು ನಿವೃತ್ತಿ ಎಂದು ತಿಳಿಯಬಾರದು.

ಹಾಗಾದರೆ ಎಲೆಕ್ಟ್ರಿಕ್ ಬಸ್ ಬೇಡ ಅನ್ನುತ್ತೀರಾ?

ಇಲ್ಲ, ಎಲ್ಲಿ ಬೇಕೋ ಅಲ್ಲಿ ಬೇಕು ಅನ್ನುತ್ತೇನೆ. ಮೇಲಿನ ಲೆಕ್ಕ ಹಳ್ಳಿ ರೂಟಿನದು. ಬಳ್ಳಾರಿಯ ಪೇಟೆಯೊಳಗೆ ಹೆಜ್ಜೆಗೊಂದು ಸಲ ಬ್ರೇಕ್ ಒತ್ತುವ ಬಸ್ಸಿಗೆ ಲೀಟರಿಗೆ 5 ಕಿಲೋಮೀಟರ್ ಸಿಗುವುದಿಲ್ಲ. ಎಸಿ ಇದ್ದರೆ ಎರಡೂವರೆ, ಮೂರಕ್ಕೆ ಇಳಿಯುತ್ತದೆ. ಎಲೆಕ್ಟ್ರಿಕ್ ಬಸ್ಸು ಬ್ರೇಕ್ ಒತ್ತಿದಾಗ ಒಂದಿಷ್ಟು ಕರೆಂಟನ್ನು ಬ್ಯಾಟರಿಗೆ ಮರಳಿಸುತ್ತದೆ, ನಿಂತಾಗ ಎಂಜಿನ್ ಸುಮ್ಮನೆ ಉರಿಯುವ ಮಾತಿಲ್ಲ. ಅಲ್ಲಿ ಅದು ಗೆಲ್ಲುತ್ತದೆ. ಕಚ್ಚಾ ತೈಲ ತೆಗೆದು, ಹಡಗಿನಲ್ಲಿ ತಂದು, ಶುದ್ಧೀಕರಿಸುವ ಖರ್ಚನ್ನು ಡೀಸೆಲ್ ಕಡೆಗೆ ನಾನು ಹಿಡಿದಿಲ್ಲ. ಅದನ್ನು ಸೇರಿಸಿದರೆ ಹಳ್ಳಿ ರೂಟಿನಲ್ಲೂ ಅಂತರ ಕಡಿಮೆಯಾಗುತ್ತದೆ. ಇನ್ನು ಜನರ ಮೂಗಿನ ಮಟ್ಟದ ಹೊಗೆಯಂತೂ ಎಲೆಕ್ಟ್ರಿಕ್ ಬಸ್ಸಿನಲ್ಲಿ ಸ್ವಲ್ಪವೂ ಇಲ್ಲ. ನಿಲ್ದಾಣದಲ್ಲಿ ಮಗು ಎತ್ತಿಕೊಂಡು ನಿಂತ ತಾಯಿಗೆ ಅದು ಸಣ್ಣ ಮಾತಲ್ಲ.

ಮುಖ್ಯವಾಗಿ, ಚಾರ್ಜ್ ಮಾಡುವ ಹೊತ್ತು. ಯಲಬುರ್ಗಾ, ಕುಕನೂರು ಕಡೆಯ ಗಾಳಿಯಂತ್ರಗಳನ್ನು ನೋಡಿದ್ದೀರಿ. ಬಿಸಿಲಿಗಂತೂ ನಮ್ಮಲ್ಲಿ ಬರವಿಲ್ಲ. ಮಧ್ಯಾಹ್ನ ಸೋಲಾರ್ ಕರೆಂಟ್ ಹೆಚ್ಚಿರುವಾಗ ಚಾರ್ಜ್ ಮಾಡಿದ ಬಸ್ಸಿಗೂ ರಾತ್ರಿ ಕಲ್ಲಿದ್ದಲ ಕರೆಂಟಿನಲ್ಲಿ ಚಾರ್ಜ್ ಮಾಡಿದ ಬಸ್ಸಿಗೂ ಅಜಗಜಾಂತರ. ಒಳ್ಳೆಯ ಯೋಜನೆ ಅಂದರೆ ಬಸ್ಸಿನ ಸಂಖ್ಯೆ ಬರೆಯುವುದಲ್ಲ, ಮಧ್ಯಾಹ್ನ 12ರಿಂದ 3ರವರೆಗೆ ಯಾವ ಬಸ್ಸು ಡಿಪೋದಲ್ಲಿ ನಿಂತಿರುತ್ತದೆ ಎಂದು ಶೆಡ್ಯೂಲ್ ಬರೆಯುವುದು.

ನಮ್ಮ ಊರಿಗೆ ಬರುತ್ತದೆಯೋ ಇಲ್ಲವೋ, ಅದನ್ನು ಹೇಳಿ.

ಕೇಂದ್ರ ಸರ್ಕಾರ 2023ರ ಆಗಸ್ಟ್‌ನಲ್ಲಿ ಪಿಎಂ ಇ-ಬಸ್ ಸೇವಾ ಯೋಜನೆಗೆ ಒಪ್ಪಿಗೆ ಕೊಟ್ಟಿತು, ದೇಶಕ್ಕೆಲ್ಲ 10,000 ಬಸ್ಸು. ಮುಖ್ಯ ಅಳತೆಗೋಲು 2011ರ ಜನಗಣತಿಯಲ್ಲಿ 3 ಲಕ್ಷದಿಂದ 40 ಲಕ್ಷ ಜನಸಂಖ್ಯೆ. ಬಳ್ಳಾರಿ ಆಗಲೇ 4 ಲಕ್ಷ ದಾಟಿತ್ತು. ರಾಯಚೂರು ಎರಡೂಕಾಲು ಲಕ್ಷದ ಆಸುಪಾಸು. ಕೊಪ್ಪಳ ಒಂದು ಲಕ್ಷವೂ ಇರಲಿಲ್ಲ. ಈ ಗೋಲಿನಿಂದ ಅಳೆದರೆ ಮೂರರಲ್ಲಿ ಒಂದು ಊರಷ್ಟೇ ಒಳಗೆ.

ಈ ಯೋಜನೆಯಲ್ಲಿ ಬಸ್ಸು ಸಂಸ್ಥೆಯದಲ್ಲ, ಗುತ್ತಿಗೆದಾರನದು. ಅವನಿಗೆ ಓಡಿದ ಕಿಲೋಮೀಟರಿಗೆ ಇಷ್ಟು ಎಂದು ಕೊಡಬೇಕು. ಅದರಲ್ಲಿ ಕೇಂದ್ರದ ಪಾಲು 12 ಮೀಟರಿನ ಬಸ್ಸಿಗೆ ಕಿಲೋಮೀಟರಿಗೆ 24 ರೂಪಾಯಿ, 9 ಮೀಟರಿನದಕ್ಕೆ 22. ಟಿಕೆಟ್ ದುಡ್ಡು ಬರಲಿ ಬಿಡಲಿ, ಗುತ್ತಿಗೆದಾರನಿಗೆ ಕೊಡಲೇಬೇಕು. ಖಾಲಿ ಓಡಿದರೂ ಮೀಟರ್ ತಿರುಗುತ್ತಿರುತ್ತದೆ. ಆದ್ದರಿಂದ ಯಾವ ರೂಟಿಗೆ ಹಾಕುತ್ತೇವೆ ಎಂಬುದೇ ಇಲ್ಲಿ ಮುಖ್ಯ.

ಡಿಪೋ ಮೇಲೆ ಸೋಲಾರ್ ಹಾಕಿದರೆ ಬಸ್ಸೆಲ್ಲ ಬಿಸಿಲಲ್ಲೇ ಓಡುತ್ತವಂತಲ್ಲ?

ಯಾರು ಹೇಳಿದರು? ಒಂದು ಕಿಲೋವಾಟ್ ಫಲಕಕ್ಕೆ ಸುಮಾರು 10 ಚದರ ಮೀಟರ್ ಚಾವಣಿ ಬೇಕು, ದಿನಕ್ಕೆ 4 ಯೂನಿಟ್ ಬರುತ್ತದೆ. ಡಿಪೋ ವರ್ಕ್‌ಶಾಪ್‌ನ 1000 ಚದರ ಮೀಟರ್ ತಗಡಿನ ತುಂಬ ಹಾಕಿದರೂ 400 ಯೂನಿಟ್. ದಿನಕ್ಕೆ 200 ಕಿಲೋಮೀಟರ್ ಓಡುವ ಬಸ್ಸಿಗೆ 240 ಯೂನಿಟ್ ಬೇಕು. ಎರಡು ಬಸ್ಸಿಗೂ ಸಾಲದು. ಆದರೆ ಅದೇ 400 ಯೂನಿಟ್‌ನಲ್ಲಿ ಡಿಪೋದ ದೀಪ, ಕಂಪ್ರೆಸರ್, ಬೋರ್‌ವೆಲ್ ಮೋಟಾರು, ನಿಲ್ದಾಣದ ಫ್ಯಾನು ನಡೆಸಬಹುದು. ಚಾವಣಿ ಸೋಲಾರ್ ಹಾಕಬೇಕಾದದ್ದು ಅದಕ್ಕೆ.

ಹಾಗಾದರೆ ನಿಜವಾದ ಉಳಿತಾಯ ಎಲ್ಲಿದೆ?

ಬೆಳಗಿನ ಜಾವ ಐದು ಗಂಟೆಗೆ ಯಾವುದಾದರೂ ಡಿಪೋದ ಗೇಟಿನ ಬಳಿ ನಿಂತುಕೊಳ್ಳಿ. ಸಾಲಾಗಿ ನಿಂತ ಗಾಡಿಗಳು ಒಂದೊಂದಾಗಿ ಸ್ಟಾರ್ಟ್ ಆಗುತ್ತವೆ. ಕೆಲವು ಎರಡು ಮೂರು ನಿಮಿಷಕ್ಕೆ ಹೊರಡುತ್ತವೆ. ಕೆಲವು ಕಾಲು ಗಂಟೆ ಗುರ್ ಅನ್ನುತ್ತ ನಿಂತೇ ಇರುತ್ತವೆ, ಡ್ರೈವರ್ ಕೆಳಗಿಳಿದು ಚಹಾ ಕುಡಿದು ಬರುತ್ತಾನೆ. ಯಾಕೆ ಗೊತ್ತೇನು? ಏರ್ ಬ್ರೇಕಿನ ಗಾಡಿ ಅದು. ಟ್ಯಾಂಕಿನಲ್ಲಿ ಗಾಳಿ ತುಂಬುವವರೆಗೆ ಮುಂದೆ ಹೋಗುವಂತಿಲ್ಲ. ಎಲ್ಲೋ ಒಂದು ಪೈಪಿನ ಜಾಯಿಂಟಿನಲ್ಲಿ ಸಣ್ಣಗೆ ಗಾಳಿ ಸೋರಿ ರಾತ್ರಿಯೆಲ್ಲ ಟ್ಯಾಂಕು ಖಾಲಿಯಾಗಿದೆ. ಅದನ್ನು ತುಂಬಿಸಲು ದಿನಾ ಬೆಳಿಗ್ಗೆ ಡೀಸೆಲ್ ಸುಡುತ್ತಿದೆ.

ನಾನು ಕಂಡ ಒಬ್ಬ ಹಳೇ ಮೆಕ್ಯಾನಿಕ್ ರಾತ್ರಿ ಪಾಳಿಯಲ್ಲಿ ಒಂದು ಡಬ್ಬಿಯಲ್ಲಿ ಸೋಪಿನ ನೀರು, ಒಂದು ಹರಕು ಬ್ರಷ್ಷು ಹಿಡಿದು ಗಾಡಿಯ ಕೆಳಗೆ ಮಲಗುತ್ತಿದ್ದ. ಜಾಯಿಂಟಿಗೆ ಸೋಪಿನ ನೀರು ಹಚ್ಚಿ ಟಾರ್ಚ್ ಹಿಡಿದರೆ, ಸೋರುವಲ್ಲಿ ಗುಳ್ಳೆ ಏಳುತ್ತದೆ. ಒಂದು ವಾಷರ್ ಬದಲಿಸಿದರೆ ಮುಗಿಯಿತು. ಆಮೇಲೆ ಸುತ್ತಿಗೆ ಹಿಡಿದು ಟೈರಿಗೊಂದೊಂದು ಏಟು. ಟಣ್ ಅಂದರೆ ಸರಿ, ದಬ್ ಅಂದರೆ ಗಾಳಿ ಕಡಿಮೆ. ಗಾಳಿ ಕಡಿಮೆಯ ಟೈರು ಡೀಸೆಲ್ಲನ್ನೂ ತಿನ್ನುತ್ತದೆ, ತಾನೂ ಬೇಗ ಸವೆಯುತ್ತದೆ. ಸುಸ್ಥಿರತೆ ಎಂಬ ಶಬ್ದವನ್ನು ಅವನು ಕೇಳಿರಲಿಕ್ಕಿಲ್ಲ.

ಇದನ್ನು ಡಿಪೋದಲ್ಲಿ ಕೆಎಂಪಿಎಲ್ ಅನ್ನುತ್ತಾರೆ, ಲೀಟರಿಗೆ ಎಷ್ಟು ಕಿಲೋಮೀಟರ್ ಎಂದು. ಪ್ರತಿ ಗಾಡಿಯದು, ಪ್ರತಿ ಡ್ರೈವರನದು ಬೋರ್ಡಿನ ಮೇಲೆ ಬರೆಯುತ್ತಾರೆ. ನೂರು ಬಸ್ಸಿನ ಡಿಪೋ, ದಿನಕ್ಕೆ ತಲಾ 300 ಕಿಲೋಮೀಟರ್ ಓಟ ಎಂದುಕೊಳ್ಳಿ. ಕೆಎಂಪಿಎಲ್ 5.0ರಿಂದ 5.1ಕ್ಕೆ ಏರಿದರೆ ದಿನಕ್ಕೆ ಸುಮಾರು 118 ಲೀಟರ್ ಉಳಿಯುತ್ತದೆ. ವರ್ಷಕ್ಕೆ 43 ಸಾವಿರ ಲೀಟರ್, 115 ಟನ್ ಇಂಗಾಲದ ಡೈಆಕ್ಸೈಡ್. ಸೊನ್ನೆ ದಶಾಂಶ ಒಂದಕ್ಕೆ ಇಷ್ಟು! ಇದಕ್ಕೆ ಟೆಂಡರ್ ಬೇಡ, ಸಚಿವರ ಹಸಿರು ಬಾವುಟ ಬೇಡ. ಆದರೆ ಮೆಕ್ಯಾನಿಕ್ ಹುದ್ದೆ ಖಾಲಿ ಬಿಡಬಾರದು, ವಾಷರ್ ಸ್ಟಾಕ್ ಇರಬೇಕು.

ಜನ ಇಲ್ಲದ ರೂಟು ನಿಲ್ಲಿಸಿದರೆ ಡೀಸೆಲ್ ಉಳಿಯುವುದಿಲ್ಲವೆ?

ಉಳಿಯುತ್ತದೆ, ಕಾಗದದ ಮೇಲೆ. ಇದರಲ್ಲಿ ನಾನೇ ಎಡವಿದ್ದೇನೆ, ಹೇಳಿಬಿಡುತ್ತೇನೆ.

ಒಂದು ಹಳ್ಳಿಗೆ ರಾತ್ರಿ ಹೋಗಿ ಅಲ್ಲೇ ಮಲಗಿ ಬೆಳಿಗ್ಗೆ ಬರುವ ಹಾಲ್ಟ್ ಗಾಡಿ ಇತ್ತು, ಆರು ನಲವತ್ತಕ್ಕೆ ಬಿಡುವುದು. ಟಿಕೆಟ್ ಲೆಕ್ಕ ನೋಡಿದರೆ ದಿನಾ ನಾಲ್ಕೈದೇ ಟಿಕೆಟ್. ನಾನು ಆ ಹೊತ್ತು ತೆಗೆದು ಏಳೂವರೆಗೆ ಇಟ್ಟೆ, ಇನ್ನೊಂದು ರೂಟಿಗೂ ಹೊಂದುತ್ತಿತ್ತು. ಭಾರೀ ಜಾಣತನ ಮಾಡಿದೆ ಅಂದುಕೊಂಡೆ. ಮೂರನೇ ದಿನ ಊರಿನ ಹಿರಿಯರೊಬ್ಬರು ಬಂದು, "ಯಪ್ಪಾ, ನೀ ಟಿಕೀಟು ಎಣಿಸಿದಿ, ತಲಿ ಎಣಿಸಲಿಲ್ಲ" ಅಂದರು. ಆ ಗಾಡಿಯಲ್ಲಿ ಇಪ್ಪತ್ತೇಳು ಹುಡುಗ ಹುಡುಗಿಯರು ಕಾಲೇಜಿಗೆ ಬರುತ್ತಿದ್ದರು, ಎಲ್ಲರ ಬಳಿಯೂ ವಿದ್ಯಾರ್ಥಿ ಪಾಸ್. ಪಾಸಿನವರು ಟಿಕೆಟ್ ಲೆಕ್ಕದಲ್ಲಿ ಕಾಣುವುದೇ ಇಲ್ಲ. ಮೂರು ತಿಂಗಳ ಮೇಲೆ ಹಳೇ ಹೊತ್ತಿಗೆ ಮರಳಿಸಿದೆವು. ಅಷ್ಟರಲ್ಲಿ ಹುಡುಗರು ಮನೆಯಲ್ಲಿ ಹಟ ಹಿಡಿದು ಬೈಕ್ ಕೊಡಿಸಿಕೊಂಡಿದ್ದರು, ಕೆಲವರು ಟಂಟಂ ಆಟೊ ಹಿಡಿದಿದ್ದರು, ಇಬ್ಬರು ಹುಡುಗಿಯರು ಕಾಲೇಜೇ ಬಿಟ್ಟಿದ್ದರು. ಬಸ್ಸಿಗೆ ಹಿಂದಿರುಗಿದ್ದು ಎಂಟು ಜನ.

ಲೆಕ್ಕ ಹೀಗಿದೆ ನೋಡಿ. ಲೀಟರಿಗೆ 50 ಕೊಡುವ ಬೈಕಿನಲ್ಲಿ ಒಬ್ಬ ಹೋದರೆ ಕಿಲೋಮೀಟರಿಗೆ 46 ಗ್ರಾಂ ಇಂಗಾಲದ ಡೈಆಕ್ಸೈಡ್. ಬಸ್ಸಿನಲ್ಲಿ 50 ಜನ ಇದ್ದರೆ ತಲೆಗೆ 11 ಗ್ರಾಂ. ಬಸ್ಸಿನಲ್ಲಿ ಹನ್ನೆರಡು ಜನ ಇದ್ದರೆ ಒಂಟಿ ಬೈಕಿನವನಿಗೆ ಸಮ. ಹನ್ನೆರಡಕ್ಕಿಂತ ಒಬ್ಬ ಹೆಚ್ಚಾದರೂ ಹಳೇ ಡೀಸೆಲ್ ಬಸ್ಸೇ ಹಸಿರು. ಎಂಜಿನ್ ಬದಲಿಸುವ ಮೊದಲು ಸೀಟು ತುಂಬಿಸುವ ದಾರಿ ಹುಡುಕಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ಜನ ಬಸ್ಸಿಗೆ ಬರುವುದು ಬಣ್ಣ ನೋಡಿ ಅಲ್ಲ, ಹೇಳಿದ ಹೊತ್ತಿಗೆ ಬರುತ್ತದೆ ಎಂಬ ನಂಬಿಕೆಯ ಮೇಲೆ.

ಹಾಗಂತ ಎಲ್ಲ ಖಾಲಿ ಓಟವೂ ಸರಿಯಲ್ಲ. ಹುಣ್ಣಿಮೆಗೆ ಹುಲಿಗೆಮ್ಮನ ಗುಡಿಗೆ ಜನ ಒಯ್ಯಲು ವಿಶೇಷ ಗಾಡಿ ಬಿಡುತ್ತೇವೆ. ಹೋಗುವಾಗ ಬಾಗಿಲಲ್ಲಿ ಜೋತುಬೀಳುವಷ್ಟು ಜನ, ಮರಳುವಾಗ ಡ್ರೈವರ್ ಕಂಡಕ್ಟರ್ ಇಬ್ಬರೇ. ಇಂಥದ್ದನ್ನು ಡೆಡ್ ಕಿಲೋಮೀಟರ್ ಅನ್ನುವುದು. ಹುಣ್ಣಿಮೆ ಪಂಚಾಂಗದಲ್ಲಿ ವರ್ಷ ಮೊದಲೇ ಗೊತ್ತಿರುತ್ತದೆ, ಗಾಡಿಗಳನ್ನು ಹತ್ತಿರದ ಡಿಪೋದಿಂದಲೇ ಬಿಡುವಂತೆ ಮೊದಲೇ ಹೊಂದಿಸಬಹುದು.

ಶಕ್ತಿ ಯೋಜನೆಯಿಂದ ಪರಿಸರಕ್ಕೆ ಲಾಭವೋ ನಷ್ಟವೋ?

2023ರ ಜೂನ್ 11ರಿಂದ ಮಹಿಳೆಯರಿಗೆ ಸಾಮಾನ್ಯ ಬಸ್ಸಿನಲ್ಲಿ ಉಚಿತ. ಸೀಟು ತುಂಬಿದವು. ಟಂಟಂ, ಕ್ರೂಸರ್ ಹತ್ತುತ್ತಿದ್ದ ಮೆಣಸಿನಕಾಯಿ ಬಿಡಿಸುವ ಹೆಣ್ಣುಮಕ್ಕಳು ಬಸ್ಸಿಗೆ ಬಂದಿದ್ದನ್ನು ಕಣ್ಣಾರೆ ಕಂಡಿದ್ದೇನೆ. ನೂಕುನುಗ್ಗಲಾದಾಗ ಗಂಡಸರು ಬೈಕ್ ಹಿಡಿದಿದ್ದನ್ನೂ ಕಂಡಿದ್ದೇನೆ.

ಯೋಜಕರು ಗಮನಿಸದ ಲಾಭ ಇನ್ನೊಂದಿದೆ. ಶೂನ್ಯ ಟಿಕೆಟ್ ಹರಿದಾಗಲೂ ಮಷಿನ್‌ನಲ್ಲಿ ಎಲ್ಲಿ ಹತ್ತಿದರು, ಎಲ್ಲಿ ಇಳಿದರು, ಎಷ್ಟು ಹೊತ್ತಿಗೆ ಎಂಬುದು ದಾಖಲಾಗುತ್ತದೆ. ಯಾವ ಹಳ್ಳಿಯಿಂದ ಯಾವ ಆಸ್ಪತ್ರೆಗೆ, ಯಾವ ಸಂತೆಗೆ ಎಂದು ಸಮೀಕ್ಷೆ ಮಾಡಿಸಲು ಬೇರೆ ಕಡೆ ಕೋಟಿ ಖರ್ಚು ಮಾಡುತ್ತಾರೆ. ಇಲ್ಲಿ ಅದು ದಿನಾ ತಾನಾಗಿ ಬರುತ್ತಿದೆ. ಅದನ್ನು ಕೇವಲ ಸರ್ಕಾರದಿಂದ ಬಾಕಿ ವಸೂಲಿಯ ಲೆಕ್ಕವಾಗಿ ನೋಡಿದರೆ ಚಿನ್ನದ ತಕ್ಕಡಿಯಲ್ಲಿ ಹುಲ್ಲು ತೂಗಿದ ಹಾಗೆ.

ಹದಿನೈದು ವರ್ಷದ ಬಸ್ಸುಗಳು ಏನಾಗುತ್ತವೆ?

2023ರ ಏಪ್ರಿಲ್ 1ರಿಂದ ಸರ್ಕಾರಿ ವಾಹನಗಳಿಗೆ, ಸಾರಿಗೆ ಸಂಸ್ಥೆಗಳ ಬಸ್ಸೂ ಸೇರಿ, 15 ವರ್ಷ ದಾಟಿದರೆ ನೋಂದಣಿ ರದ್ದು. ಗುಜರಿಗೆ ಹೋಗಲೇಬೇಕು, ಅದೂ ನೋಂದಾಯಿತ ಗುಜರಿ ಕೇಂದ್ರಕ್ಕೆ. ಹೊಸದಾಗಿ ಬರುವ ಡೀಸೆಲ್ ಬಸ್ಸು 2020ರ ಏಪ್ರಿಲ್‌ನಿಂದ ಜಾರಿಯಾದ ಬಿಎಸ್-6 ಮಟ್ಟದ್ದು. ಅದರ ಹೊಗೆ ಹಳೆಯದಕ್ಕೆ ಹೋಲಿಸಿದರೆ ಏನೇನೂ ಅಲ್ಲ. ಆದರೆ ಅದಕ್ಕೆ ಯೂರಿಯಾ ದ್ರಾವಣ ಹಾಕಬೇಕು, ಸೆನ್ಸರ್ ಕೆಟ್ಟರೆ ಸುತ್ತಿಗೆಯಿಂದ ರಿಪೇರಿ ಆಗುವುದಿಲ್ಲ. ಮೆಕ್ಯಾನಿಕ್‌ಗಳಿಗೆ ತರಬೇತಿ ಕೊಡದೆ ಹೊಸ ಗಾಡಿ ಕೊಡುವುದು ಅಡುಗೆ ಬಾರದವನಿಗೆ ಹೊಸ ಕುಕ್ಕರ್ ಕೊಟ್ಟಂತೆ.

ಡಿಪೋದ ಹಳೇ ಎಣ್ಣೆ, ಬ್ಯಾಟರಿ, ಟೈರು?

ಬಳಸಿದ ಎಂಜಿನ್ ಆಯಿಲ್ 2016ರ ನಿಯಮದಲ್ಲಿ ಅಪಾಯಕಾರಿ ತ್ಯಾಜ್ಯ, ಅಧಿಕೃತ ಮರುಬಳಕೆದಾರರಿಗೇ ಮಾರಬೇಕು. ಬ್ಯಾಟರಿಗೆ 2022ರ ನಿಯಮ ಬೇರೆ ಇದೆ. ಟೈರನ್ನು ರೀಟ್ರೆಡ್ ಮಾಡಿ ಮತ್ತೆ ಓಡಿಸುವುದು ಸಾರಿಗೆ ಸಂಸ್ಥೆಗಳಲ್ಲಿ ಹಳೇ ರೂಢಿ. ಬಸ್ಸು ತೊಳೆದ ನೀರನ್ನು ತಿಳಿಗೊಳಿಸಿ ಮರಳಿ ಬಳಸುವುದು ರಾಯಚೂರಿನಂಥ ಊರಿನಲ್ಲಿ ಶೋಕಿಯಲ್ಲ, ಬೇಸಿಗೆಯಲ್ಲಿ ಬೇರೆ ದಾರಿಯೇ ಇಲ್ಲ.

ರೈಲು ಬಂದರೆ ಬಸ್ಸಿಗೆ ಪೆಟ್ಟಲ್ಲವೆ?

ಗಿಣಿಗೇರಾ–ರಾಯಚೂರು ಮಾರ್ಗ ಗಂಗಾವತಿ, ಕಾರಟಗಿ ದಾಟಿ 2024ರಲ್ಲಿ ನಮ್ಮ ಸಿಂಧನೂರು ಮುಟ್ಟಿತು. ಮೊದಲ ರೈಲು ಬಂದ ದಿನ ಊರಿಗೆ ಊರೇ ನೋಡಲು ಹೋಗಿತ್ತು, ನಾನೂ ಹೋಗಿದ್ದೆ. ರೈಲಿನ ಹೊತ್ತಿಗೆ ಸರಿಯಾಗಿ ನಿಲ್ದಾಣದಿಂದ ಪೇಟೆಗೆ, ಮಸ್ಕಿಗೆ, ಸಿರುಗುಪ್ಪಕ್ಕೆ ಬಸ್ಸು ನಿಂತಿದ್ದರೆ ಅದು ಪೆಟ್ಟಲ್ಲ, ಗಿರಾಕಿ. ಎರಡು ಇಲಾಖೆಯ ವೇಳಾಪಟ್ಟಿಯನ್ನು ಒಂದು ಟೇಬಲ್ ಮೇಲೆ ಇಟ್ಟು ನೋಡುವುದು ಪುಕ್ಕಟೆ ಕೆಲಸ. ಪುಕ್ಕಟೆಯದಕ್ಕೆ ಯಾರೂ ಸಭೆ ಕರೆಯುವುದಿಲ್ಲ.

ಬಳ್ಳಾರಿಯಲ್ಲಿ ಅದಿರಿನ ಲಾರಿಗಳ ಧೂಳು ಇರುವಾಗ ಬಸ್ಸಿನ ಹೊಗೆ ಯಾವ ಲೆಕ್ಕ?

ನ್ಯಾಯವಾದ ಪ್ರಶ್ನೆ. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸುವ ಮೊದಲು ಸಂಡೂರಿನ ರಸ್ತೆಗಳನ್ನು ನೋಡಿದವರಿಗೆ ಗೊತ್ತು, ಕಂಡಕ್ಟರನ ಖಾಕಿ ಸಂಜೆಗೆ ಕೆಂಪಾಗುತ್ತಿತ್ತು. ಆಮೇಲೆ ಅದಿರನ್ನು ಲಾರಿ ಬಿಟ್ಟು ಕನ್ವೇಯರ್ ಬೆಲ್ಟ್ ಮತ್ತು ರೈಲಿನಲ್ಲಿ ಸಾಗಿಸುವತ್ತ ಒತ್ತು ಬಂತು. ಸರಕು ಸಾಗಣೆಯೂ ಸಾರಿಗೆ ಯೋಜನೆಯೇ, ಬರೀ ಜನರ ಓಡಾಟ ಮಾತ್ರ ಅಲ್ಲ. ದೇಶದ ಶುದ್ಧ ಗಾಳಿ ಕಾರ್ಯಕ್ರಮ 2019ರಲ್ಲಿ ಬಂದಾಗ ಕರ್ನಾಟಕದಿಂದ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ–ಧಾರವಾಡ, ಕಲಬುರಗಿ ಸೇರಿದವು. ಬಳ್ಳಾರಿ ಸೇರಲಿಲ್ಲ. ಇದನ್ನು ಬಳ್ಳಾರಿಯವರಿಗೆ ಹೇಳಿದರೆ ಸುಮ್ಮನೆ ನಗುತ್ತಾರೆ.

ರಸ್ತೆ ಮಾಡುವವರು ಏನು ಮಾಡಬೇಕು?

ಹಾರುಬೂದಿ, ಅಂದರೆ ಕಲ್ಲಿದ್ದಲು ಸುಟ್ಟು ಉಳಿದ ಬೂದಿ, ಬಳಸಬೇಕು. ಶಾಖೋತ್ಪನ್ನ ಕೇಂದ್ರದಿಂದ 300 ಕಿಲೋಮೀಟರ್ ಒಳಗಿನ ರಸ್ತೆ ಕೆಲಸದಲ್ಲಿ ಬೂದಿ ಬಳಸುವುದು ಕಡ್ಡಾಯ, 2021ರ ಡಿಸೆಂಬರ್ 31ರ ಅಧಿಸೂಚನೆಯಂತೆ. ಮೇಲೆ ಹೇಳಿದ ಮೂರು ಕೇಂದ್ರ ನಮ್ಮಲ್ಲೇ ಇವೆ, ಮೂರೂ ಜಿಲ್ಲೆ ಆ ವೃತ್ತದೊಳಗೇ ಬರುತ್ತವೆ. ಮೊರಂ ಮಣ್ಣಿಗಾಗಿ ಗುಡ್ಡ ಅಗೆಯುವ ಬದಲು ರಸ್ತೆಯ ಏರಿಗೆ ಬೂದಿ ತುಂಬಬಹುದು.

ಇನ್ನು ಬಿಸಿಲು. ಹೊರಗೆ 42 ಡಿಗ್ರಿ ಇದ್ದರೆ ಟಾರಿನ ಮೈ 60 ದಾಟುತ್ತದೆ. ಟಾರು ಬೆವರಿ ಗಾಲಿಗೆ ಅಂಟುತ್ತದೆ, ಲಾರಿ ಹೋದ ಕಡೆ ಗಾಡಿಜಾಡು ಬೀಳುತ್ತದೆ. ಹೆಚ್ಚು ಗಟ್ಟಿಯ ವಿಜಿ-40 ದರ್ಜೆಯ ಬಿಟುಮಿನ್ (ಟಾರು) ಇರುವುದು ಇಂಥ ಬಿಸಿಲಿಗೆ, ಇಂಥ ಭಾರಕ್ಕೆ. ಟೆಂಡರಿನಲ್ಲಿ ಯಾವುದು ಬರೆದಿದ್ದಾರೆ ಎಂದು ಓದಿ ನೋಡಿ. ರಸ್ತೆ ಅಗಲ ಮಾಡುವಾಗ ಕಡಿದ ಬೇವಿನ ಮರಕ್ಕೆ ಬದಲಾಗಿ ಕಾಗದದಲ್ಲಿ ನೆಟ್ಟ ಸಸಿಗಳು ಎಲ್ಲಿವೆ ಎಂದೂ.

ಹವಾಮಾನ ಬದಲಾವಣೆ ಎಂದರೆ ಹೊಗೆ ಇಳಿಸುವುದಷ್ಟೇನಾ?

ಅಲ್ಲ. ಬಂದದ್ದನ್ನು ತಡೆದುಕೊಳ್ಳುವುದೂ ಹೌದು. 2009ರ ಅಕ್ಟೋಬರ್ ಆರಂಭದ ನೆರೆಯನ್ನು ನಮ್ಮ ಭಾಗದವರು ಮರೆತಿಲ್ಲ. ತುಂಗಭದ್ರಾ ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟಾಗಲೆಲ್ಲ ಕಂಪ್ಲಿ–ಗಂಗಾವತಿ ಸೇತುವೆ ಮುಳುಗುತ್ತದೆ. ಲಿಂಗಸುಗೂರು ಕಡೆ ಶೀಲಹಳ್ಳಿ ಸೇತುವೆಯದೂ ಅದೇ ಕಥೆ, ಅಲ್ಲಿ ಕೃಷ್ಣೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ನದಿಪಾತ್ರದ ಊರುಗಳ ಜನ ನಿದ್ದೆ ಮಾಡಲಿಲ್ಲ.

ಸೇತುವೆ ಮುಳುಗಿದರೆ ಬಸ್ಸು ಯಾವ ದಾರಿಯಲ್ಲಿ ಹೋಗಬೇಕು, ಎಷ್ಟು ಹೆಚ್ಚು ಕಿಲೋಮೀಟರ್, ಹೆಚ್ಚಿನ ಡ್ರೈವರ್ ಎಲ್ಲಿಂದ, ಆಚೆ ದಡದ ಗರ್ಭಿಣಿಗೆ ಏನು ವ್ಯವಸ್ಥೆ ಎಂದು ಬೇಸಿಗೆಯಲ್ಲೇ ಬರೆದಿಟ್ಟಿರಬೇಕು. ಪ್ರತಿ ವರ್ಷ ನೀರು ಬಂದ ಮೇಲೆ ಫೋನಿನಲ್ಲಿ ತೀರ್ಮಾನ ಆಗುವುದಾದರೆ ಅದನ್ನು ಯೋಜನೆ ಅನ್ನುವುದಿಲ್ಲ. ಹಾಗೆಯೇ ಏಪ್ರಿಲ್, ಮೇ ತಿಂಗಳಲ್ಲಿ ಎಂಜಿನ್ ಪಕ್ಕ ಕೂತು ಓಡಿಸುವ ಡ್ರೈವರನ ಪಾಡು. ಮಧ್ಯಾಹ್ನದ ಟ್ರಿಪ್ಪಿನ ನಡುವೆ ಅರ್ಧ ಗಂಟೆ ನೆರಳು, ಒಂದು ಮಡಕೆ ತಣ್ಣೀರು. ಇದೂ ಸುಸ್ಥಿರತೆಯ ಪಟ್ಟಿಗೆ ಸೇರಬೇಕಾದದ್ದು.

ಬೇರೆ ದೇಶದವರು ಹೇಗೆ ಮಾಡುತ್ತಾರೆ?

ಅಮೆರಿಕದಲ್ಲಿ ಸಾರ್ವಜನಿಕ ಸಾರಿಗೆ ಸಂಸ್ಥೆಗಳ ಒಕ್ಕೂಟ 2009ರಲ್ಲಿ ಸುಸ್ಥಿರತೆಗೆಂದು ಒಂದು ಬದ್ಧತಾ ಪತ್ರ ತಂದಿತು. ಸಹಿ ಹಾಕಿದ ಸಂಸ್ಥೆ ಇದಕ್ಕೆಂದೇ ಒಬ್ಬರನ್ನು ನೇಮಿಸಬೇಕು, ನೀರು, ಇಂಧನ, ಕಸದ ಈಗಿನ ಲೆಕ್ಕ ಬರೆಯಬೇಕು, ಸಿಬ್ಬಂದಿಗೆ ತಿಳಿಹೇಳಬೇಕು. 2016ರಿಂದ ಅಲ್ಲಿ ಕೇಂದ್ರದ ಹಣ ಪಡೆಯುವ ಸಾರಿಗೆ ಸಂಸ್ಥೆಗಳು ಪ್ರತಿ ಬಸ್ಸು, ಪ್ರತಿ ಕಟ್ಟಡ ಯಾವ ಸ್ಥಿತಿಯಲ್ಲಿದೆ ಎಂದು ಪಟ್ಟಿ ಮಾಡಿ ದುರಸ್ತಿಗೆ ಯೋಜನೆ ಬರೆಯಬೇಕು. ನಮ್ಮ ಡಿಪೋಗಳಲ್ಲಿ ಈ ಲೆಕ್ಕದ ಬಹುಪಾಲು ರಿಜಿಸ್ಟರ್‌ಗಳಲ್ಲಿ ಈಗಾಗಲೇ ಇದೆ. ಕೂಡಿಸಿ ಜನರ ಮುಂದಿಡುವುದಷ್ಟೇ ಬಾಕಿ.

ದುಡ್ಡು ಎಲ್ಲಿಂದ?

ಸಂವಿಧಾನದ 371ಜೆ ವಿಧಿಯ ಅಡಿ ಬಂದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ. ಗಣಿ ಜಿಲ್ಲೆಗಳಿಗೆ 2015ರಿಂದ ಜಿಲ್ಲಾ ಖನಿಜ ನಿಧಿ ಇದೆ. ಬಳ್ಳಾರಿಗೆ ಗಣಿ ಪರಿಸರ ಪುನಶ್ಚೇತನ ನಿಗಮವೂ ಇದೆ. ದುಡ್ಡಿಲ್ಲ ಎನ್ನುವ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ.

ಸಾಮಾನ್ಯ ಪ್ರಯಾಣಿಕ ಏನು ಮಾಡಬಹುದು?

ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಹತ್ತು ರೂಪಾಯಿ ಶುಲ್ಕ, ಕರ್ನಾಟಕದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ. ಉತ್ತರಕ್ಕೆ 30 ದಿನ. "ನಿಮ್ಮ ಸುಸ್ಥಿರತಾ ನೀತಿ ಏನು" ಎಂದು ಕೇಳಬೇಡಿ, ನಾಲ್ಕು ಪುಟ ಭಾಷಣ ಬರುತ್ತದೆ. ಹೀಗೆ ಕೇಳಿ:

"ವಿಭಾಗೀಯ ನಿಯಂತ್ರಣಾಧಿಕಾರಿಗಳಿಗೆ. ನಿಮ್ಮ ವಿಭಾಗದ ಪ್ರತಿ ಘಟಕದ ಕಳೆದ 12 ತಿಂಗಳ, ತಿಂಗಳುವಾರು ಈ ಅಂಕಿಗಳನ್ನು ಒದಗಿಸಿ: ಬಳಸಿದ ಡೀಸೆಲ್ ಲೀಟರ್, ಓಡಿದ ಒಟ್ಟು ಕಿಲೋಮೀಟರ್, ಅದರಲ್ಲಿ ಡೆಡ್ ಕಿಲೋಮೀಟರ್, ಸರಾಸರಿ ಕೆಎಂಪಿಎಲ್, ರದ್ದಾದ ಟ್ರಿಪ್‌ಗಳ ಸಂಖ್ಯೆ ಮತ್ತು ಕಾರಣ, ಪಾಸ್‌ದಾರರೂ ಸೇರಿದಂತೆ ಸಾಗಿಸಿದ ಪ್ರಯಾಣಿಕರ ಸಂಖ್ಯೆ, ಮಂಜೂರಾದ ಹಾಗೂ ಖಾಲಿ ಇರುವ ತಾಂತ್ರಿಕ ಸಿಬ್ಬಂದಿ ಹುದ್ದೆಗಳು."

ಪಾಸ್‌ದಾರರೂ ಸೇರಿದಂತೆ ಎನ್ನುವುದನ್ನು ಮರೆಯದೆ ಬರೆಯಿರಿ.